ಮಕ್ಕಳ ಆಟದಲ್ಲೊಂದು ಕಾಣದ ಲೆಕ್ಕ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ಜಗಳ ನಡೆಯಿತು. ಜಗಳವಾಡಿದವರು ಇಬ್ಬರು ಮೊಮ್ಮಕ್ಕಳು. ಒಬ್ಬಳು ಹನ್ನೊಂದು ವರ್ಷದ ಹುಡುಗಿ, ಮತ್ತೊಬ್ಬನು ಅವಳ ದೊಡ್ಡಪ್ಪನ ಮಗ, ಹದಿನಾಲ್ಕು ವರ್ಷದವನು. ಜಗಳದ ವಸ್ತುವು ಮಾವಿನಹಣ್ಣಾಗಲಿ ಉಯ್ಯಾಲೆಯಾಗಲಿ ಅಲ್ಲ. ಪೋಕೆಮಾನ್ ಎಂಬ ವಿಡಿಯೋ ಆಟ. ಇಂಥ ವಿಷಯವು ಗೃಹಸ್ಥರ ಮಾಸಪತ್ರಿಕೆಗೆ ತಕ್ಕುದೇ ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ಮಕ್ಕಳು ದಿನಕ್ಕೊಂದು ಗಂಟೆ ಯಾವುದರಲ್ಲಿ ಮುಳುಗಿರುವರೋ ಅದನ್ನು ಹಿರಿಯರು ಸ್ವಲ್ಪವಾದರೂ ಬಲ್ಲವರಾಗಿರಬೇಕೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿಯೂ ಆ ಆಟದಿಂದ ಮನೆಯೊಳಗೆ ‘ಮೋಸ’ ಎಂಬ ಮಾತು ಹುಟ್ಟಿದಮೇಲೆ ತಿಳಿಯದೆ ತೀರ್ಪು ಹೇಳುವುದು ನ್ಯಾಯವಲ್ಲ.

ನಡೆದುದಿಷ್ಟು. ಹುಡುಗಿಯು ನಾಲ್ಕು ತಿಂಗಳಿಂದ ಒಂದು ಪಿಕಾಚುವನ್ನು ಸಾಕಿದ್ದಳು. ಹಳದಿ ಬಣ್ಣದ ಆ ಸಣ್ಣ ಪ್ರಾಣಿಯನ್ನು ನೋಡದ ಮಕ್ಕಳು ಈಗ ಅಪರೂಪ. ಆಟದ ಆರಂಭದ ದಿನಗಳಿಂದಲೂ ಅದನ್ನು ಬಿಡದೆ, ಎದುರಾದ ಪ್ರಾಣಿಗಳೊಡನೆಲ್ಲಾ ಕಾದಾಡಿಸಿ, ಐವತ್ತನೆಯ ಮಟ್ಟದವರೆಗೆ ತಂದಿದ್ದಳು. ಅಣ್ಣನು ತನ್ನ ಗ್ಯಾರಡೋಸನ್ನು ಕಣಕ್ಕಿಳಿಸಿದನು. ಅದು ಹಾವಿನಂತೆ ನೀಳವಾದ, ನೋಡಲು ಘೋರವಾದ ಒಂದು ಮತ್ಸ್ಯ. ಮಟ್ಟವು ಅದರದೂ ಐವತ್ತೇ. ಅದು ನೀರು ಗಾಳಿ ಎರಡು ಬಗೆಗೂ ಸೇರಿದುದರಿಂದ ಮಿಂಚಿನ ಏಟು ಅದಕ್ಕೆ ನಾಲ್ಕು ಪಟ್ಟು ತಾಕುತ್ತದೆ. ಪಿಕಾಚುವಾದರೋ ಮಿಂಚಿನ ಪ್ರಾಣಿಯೇ. ಇದನ್ನು ಬಲ್ಲ ಹುಡುಗಿಯು ಗೆಲುವು ತನ್ನದೇ ಎಂದು ನಕ್ಕಳು. ಆದರೆ ಗ್ಯಾರಡೋಸ್ ಮೊದಲು ಕೈಮಾಡಿತು. ಭೂಕಂಪವೆಂಬ ಒಂದೇ ಏಟಿಗೆ ಪಿಕಾಚು ನೆಲಕ್ಕುರುಳಿತು.

ತಂಗಿಯ ಮುಖ ಕಂಡು ಕನಿಕರಗೊಂಡ ಅಣ್ಣನು ಮರುಸಲ ಮೊದಲ ಸರದಿಯನ್ನು ಬರಿಯ ಕುಣಿತದಲ್ಲಿ ಕಳೆದು ಅವಳಿಗೆ ಹೊಡೆಯಲು ಎಡೆಗೊಟ್ಟನು. ಪಿಕಾಚುವಿನ ಸಿಡಿಲು ಬಡಿಯಿತು. ಗ್ಯಾರಡೋಸಿನ ಪ್ರಾಣವು ಕೂದಲೆಳೆಯಷ್ಟು ಉಳಿಯಿತು. ಮುಂದಿನ ಏಟಿಗೆ ಪಿಕಾಚು ಮತ್ತೆ ಬಿದ್ದಿತು. ಹುಡುಗಿಯು, “ಅಣ್ಣ ಮೋಸ ಮಾಡಿದ. ಎರಡೂ ಐವತ್ತನೆಯ ಮಟ್ಟದವೇ ತಾನೆ?” ಎಂದು ಅತ್ತಳು. ಅವನು, “ನಾನೇನೂ ಮಾಡಿಲ್ಲ, ಅದನ್ನು ಸರಿಯಾಗಿ ಬೆಳೆಸಿದ್ದೇನೆ ಅಷ್ಟೆ” ಎಂದನು. ಆ ರಾತ್ರಿ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂಡಲಿಲ್ಲ. ಮಲಗುವ ಮುನ್ನ ಹುಡುಗಿಯು ನಮ್ಮ ಬಳಿಗೆ ಬಂದು, “ತಾತ, ನಾನು ಇಷ್ಟು ದಿನ ಸಾಕಿದ್ದೆಲ್ಲಾ ದಂಡವೇ?” ಎಂದು ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ನಾಲ್ಕಾರು ದಿನ ಹುಡುಗನನ್ನೇ ಗುರುವನ್ನಾಗಿಟ್ಟುಕೊಂಡು, ಕಾಗದ ಸೀಸದಕಡ್ಡಿ ಹಿಡಿದು ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ಆಟದ ಪರಿಚಯ. ಪೋಕೆಮಾನ್ ಜಪಾನಿನಲ್ಲಿ ಹುಟ್ಟಿದುದು. ಬಾಲ್ಯದಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ಕೂಡಿಡುವ ಹವ್ಯಾಸವಿದ್ದ ಸತೋಷಿ ತಜಿರಿ ಎಂಬವರು ಆ ಸಂತೋಷವನ್ನೇ ಆಟದಲ್ಲಿ ತರಬೇಕೆಂದು ಬಯಸಿದರು. ಅವರ ಗೇಮ್ ಫ್ರೀಕ್ ಸಂಸ್ಥೆಯು ರಚಿಸಿದ ಮೊದಲ ಆಟಗಳು 1996ನೆಯ ಇಸವಿ ಫೆಬ್ರವರಿ 27ರಂದು ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಯಂತ್ರಕ್ಕಾಗಿ ಹೊರಬಿದ್ದವು. ಕಾಡುಮೇಡುಗಳಲ್ಲಿ ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿಯುವುದು, ಪಳಗಿಸಿ ಬೆಳೆಸುವುದು, ಇತರರ ಪ್ರಾಣಿಗಳೊಡನೆ ಕಾದಾಡಿಸುವುದು, ಇದೇ ಆಟದ ತಿರುಳು. ನಮ್ಮ ಮಕ್ಕಳು ಆಡುತ್ತಿದ್ದುದು 2022ರಲ್ಲಿ ಹೊರಟ ಸ್ಕಾರ್ಲೆಟ್ ಎಂಬ ಆಟ. ಈ ಬರಹದ ಲೆಕ್ಕವು ಅದಕ್ಕೂ ಅದರ ಜೋಡಿಯಾದ ವಯೊಲೆಟ್ ಎಂಬುದಕ್ಕೂ ಹೊಂದತಕ್ಕುದು. ನಮ್ಮ ದೇಶಕ್ಕೆ 2016ರ ಡಿಸೆಂಬರಿನಲ್ಲಿ ಬಂದ ಪೋಕೆಮಾನ್ ಗೋ ಎಂಬ ಫೋನಿನ ಆಟವನ್ನು ಅನೇಕರು ಬಲ್ಲರು. ಅದರ ಏರ್ಪಾಡು ಬೇರೆ, ಈ ಲೆಕ್ಕವು ಅದರಲ್ಲಿಲ್ಲ.

ಪ್ರತಿಯೊಂದು ಪ್ರಾಣಿಗೂ ಆರು ಶಕ್ತಿಗಳುಂಟು: ಪ್ರಾಣಬಲ, ಆಕ್ರಮಣ, ರಕ್ಷಣೆ, ವಿಶೇಷಾಕ್ರಮಣ, ವಿಶೇಷರಕ್ಷಣೆ, ವೇಗ. ಮೈಯಿಂದ ತಾಕಿ ಹೊಡೆಯುವಂಥ ಏಟುಗಳು ಆಕ್ರಮಣಕ್ಕೆ ಸೇರಿದವು. ಮಿಂಚು ಬೆಂಕಿಗಳಂತೆ ದೂರದಿಂದ ಬಿಡುವಂಥವು ಬಹುಮಟ್ಟಿಗೆ ವಿಶೇಷಾಕ್ರಮಣಕ್ಕೆ ಸೇರಿದವು. ವೇಗವು ಹೆಚ್ಚಿದ್ದವರು ಮೊದಲು ಕೈಮಾಡುತ್ತಾರೆ. ಈ ಆರು ಅಂಕಗಳು ತೆರೆಯ ಮೇಲೆ ಎಲ್ಲರಿಗೂ ಕಾಣುತ್ತವೆ. ಆದರೆ ಅವು ಯಾವ ಯಾವ ಮೂಲಗಳಿಂದ ಕೂಡಿಬಂದುವೆಂಬುದು ಮೇಲ್ನೋಟಕ್ಕೆ ಕಾಣುವುದಿಲ್ಲ. ಜಗಳದ ಬೇರು ಇರುವುದು ಅಲ್ಲಿಯೇ.

ಮೂಲಗಳು ಮಟ್ಟವಲ್ಲದೆ ನಾಲ್ಕು. ಮೊದಲನೆಯದು ಕುಲದ ಅಂಕ: ಪಿಕಾಚು ಕುಲಕ್ಕೆಲ್ಲಾ ವೇಗ 90, ಗ್ಯಾರಡೋಸ್ ಕುಲಕ್ಕೆ 81, ಇದು ಬದಲಾಗದು. ಎರಡನೆಯದು ಹುಟ್ಟಿನ ಅಂಕ: ಒಂದೊಂದು ಶಕ್ತಿಗೂ ಸೊನ್ನೆಯಿಂದ 31ರವರೆಗೆ ಅದೃಷ್ಟವಶಾತ್ ಬರತಕ್ಕದ್ದು. ಇದರ ಕೊರತೆಯನ್ನು ಬಾಟಲಿ ಮುಚ್ಚಳಗಳನ್ನು ತೆತ್ತು ತುಂಬಿಸಿಕೊಳ್ಳುವ ಉಪಾಯವು 2016ರ ಆಟಗಳಿಂದೀಚೆಗೆ ಉಂಟು. ನಮ್ಮ ಮಕ್ಕಳಿಬ್ಬರೂ ಅದನ್ನು ಮಾಡಿಸಿದ್ದರು. ಮೂರನೆಯದು ಸ್ವಭಾವ: ಒಟ್ಟು 25 ಸ್ವಭಾವಗಳು, ಇಪ್ಪತ್ತು ಒಂದು ಶಕ್ತಿಯನ್ನು ನೂರಕ್ಕೆ ಹತ್ತರಷ್ಟು ಏರಿಸಿ ಇನ್ನೊಂದನ್ನು ಅಷ್ಟೇ ಇಳಿಸುತ್ತವೆ, ಉಳಿದ ಐದು ಏನನ್ನೂ ಮಾಡುವುದಿಲ್ಲ. ನಾಲ್ಕನೆಯದೇ ಈ ಬರಹದ ವಸ್ತು. ಜಪಾನಿನ ಆಟಗಾರರು ಇದನ್ನು ‘ದೊರ್ಯೊಕುಚಿ’ ಎನ್ನುವರು. ದೊರ್ಯೊಕು ಎಂದರೆ ಪ್ರಯತ್ನ, ಚಿ ಎಂದರೆ ಬೆಲೆ. ನಾವು ಪ್ರಯತ್ನಾಂಕವೆಂದು ಕರೆಯೋಣ.

ಪ್ರಯತ್ನಾಂಕವು ಕಾಳಗದಿಂದ ಹುಟ್ಟುತ್ತದೆ. ಎದುರಾಳಿಯನ್ನು ಸೋಲಿಸಿದಾಗ, ಈಚಿನ ಆಟಗಳಲ್ಲಿ ಹಿಡಿದಾಗಲೂ, ಆ ಎದುರಾಳಿಯ ಕುಲಕ್ಕೆ ಗೊತ್ತಾದ ಶಕ್ತಿಯಲ್ಲಿ ಒಂದರಿಂದ ಮೂರು ಅಂಕ ನಮ್ಮ ಪ್ರಾಣಿಗೆ ಸಲ್ಲುತ್ತದೆ. ಮ್ಯಾಜಿಕಾರ್ಪ್ ಎಂಬ ಮೀನು ನೆಲದ ಮೇಲೆ ಪಟಪಟನೆ ಬಡಿದುಕೊಳ್ಳುವುದನ್ನು ಬಿಟ್ಟರೆ ಹೆಚ್ಚೇನನ್ನೂ ಮಾಡಲಾರದು. ಆದರೂ ಅದನ್ನು ಸೋಲಿಸಿದವನಿಗೆ ವೇಗದಲ್ಲಿ ಒಂದು ಅಂಕ ದೊರೆಯುತ್ತದೆ. ಸೈಡಕ್ ಎಂಬ ತಲೆನೋವಿನ ಬಾತುಕೋಳಿಯು ವಿಶೇಷಾಕ್ರಮಣದಲ್ಲಿ ಒಂದನ್ನು ಕೊಡುತ್ತದೆ. ಶಿಂಕ್ಸ್ ಎಂಬ ಮರಿ ಆಕ್ರಮಣದಲ್ಲಿ ಒಂದನ್ನು, ಹಾಪಿಪ್ ಎಂಬ ಗಾಳಿಗಿಡವು ವಿಶೇಷರಕ್ಷಣೆಯಲ್ಲಿ ಒಂದನ್ನು, ಬ್ಲಿಸ್ಸಿ ಎಂಬ ದಾದಿಯಂಥ ಪ್ರಾಣಿಯು ಪ್ರಾಣಬಲದಲ್ಲಿ ಮೂರನ್ನು ಕೊಡುತ್ತವೆ. ನೂರನೆಯ ಮಟ್ಟದಲ್ಲಿ ಇಂಥ ನಾಲ್ಕು ಅಂಕ ಕೂಡಿದರೆ ಕಾಣುವ ಶಕ್ತಿಯಲ್ಲಿ ಒಂದು ಏರುತ್ತದೆ. ಐವತ್ತನೆಯ ಮಟ್ಟದಲ್ಲಿ ಒಂದಕ್ಕೆ ಸುಮಾರು ಎಂಟು ಬೇಕು.

ಹಾಗಾದರೆ ಕಾದಾಡುತ್ತಲೇ ಇದ್ದರೆ ಶಕ್ತಿಯು ಬೆಳೆಯುತ್ತಲೇ ಹೋಗುವುದಲ್ಲವೇ ಎಂದು ಕೇಳಬಹುದು. ಇಲ್ಲ. ಒಂದೊಂದು ಶಕ್ತಿಗೆ 252ಕ್ಕಿಂತ ಹೆಚ್ಚು ಹಿಡಿಸದು. ಆರೂ ಸೇರಿ 510ನ್ನು ಮೀರಲಾಗದು. ಚೀಲವು ತುಂಬಿತೆಂದರೆ ಮತ್ತೆ ಸಾವಿರ ಕಾಳಗಗಳನ್ನು ಗೆದ್ದರೂ ಒಂದು ಕಾಳೂ ಒಳಗೆ ಬೀಳದು. ಯಾವ ಎದುರಾಳಿಯಿಂದ ಏನು ಬರುವುದೆಂದು ನೋಡದೆ ಎಲ್ಲರೊಡನೆಯೂ ಕಾದಿದ ಪ್ರಾಣಿಯ ಚೀಲದಲ್ಲಿ ಆರು ಧಾನ್ಯಗಳೂ ಕಲೆತು ತುಂಬಿರುತ್ತವೆ. ನಮ್ಮ ಹುಡುಗಿಯ ಪಿಕಾಚುವಿಗೆ ಆದುದೂ ಇದೇ. ಆಟದಲ್ಲಿ ಒಂದು ಗುಂಡಿಯನ್ನೊತ್ತಿದರೆ ಪ್ರಯತ್ನಾಂಕಗಳ ಆರು ಮೂಲೆಯ ಚಿತ್ರವು ತೆರೆಯ ಮೇಲೆ ಬರುತ್ತದೆ. ಅದನ್ನು ತೆಗೆದು ನೋಡಿದಾಗ ಚಿತ್ರವು ಆರು ಕಡೆಗೂ ಹೆಚ್ಚುಕಡಮೆ ಸಮನಾಗಿತ್ತು. ಹುಡುಗನ ಗ್ಯಾರಡೋಸಿನದು ಎರಡೇ ಕಡೆಗೆ, ಆಕ್ರಮಣ ಮತ್ತು ವೇಗಗಳ ಕಡೆಗೆ, ಈಟಿಯಂತೆ ಚಾಚಿತ್ತು.

ಇನ್ನು ಲೆಕ್ಕವನ್ನು ನೋಡೋಣ. ಇಬ್ಬರದೂ ಐವತ್ತನೆಯ ಮಟ್ಟ, ಹುಟ್ಟಿನ ಅಂಕ ಪೂರ್ಣ 31, ಸ್ವಭಾವದಿಂದ ಲಾಭನಷ್ಟವಿಲ್ಲ ಎಂದಿಟ್ಟುಕೊಳ್ಳತಕ್ಕದ್ದು. 510ನ್ನು ಆರಕ್ಕೆ ಸಮನಾಗಿ ಹಂಚಿದರೆ ತಲಾ 85. ಹಾಗೆ ಬೆಳೆದ ಪಿಕಾಚುವಿನ ವೇಗವು 121 ಆಗುತ್ತದೆ. ವೇಗದಲ್ಲಿ 252 ತುಂಬಿದ ಗ್ಯಾರಡೋಸಿನ ವೇಗ 133. ಕುಲದಿಂದ ನಿಧಾನವಾದುದು ಕುಲದಿಂದ ಚುರುಕಾದುದನ್ನು ಹಿಂದೆಹಾಕಿದುದು ಹೀಗೆ. ಅದರ ಭೂಕಂಪದ ಏಟು ಕಡಮೆಯೆಂದರೂ 188. ಪಿಕಾಚುವಿನ ಪ್ರಾಣಬಲ 121. ರಕ್ಷಣೆಯಲ್ಲಿಯೂ ಪ್ರಾಣಬಲದಲ್ಲಿಯೂ ಸೇರಿಸಿದ್ದ 85 ಮತ್ತು 85 ಅಂಕಗಳು ಆ ಏಟಿನ ಮುಂದೆ ಯಾವ ಕೆಲಸಕ್ಕೂ ಬರಲಿಲ್ಲ. ಇನ್ನು ಪಿಕಾಚುವಿನ ಸಿಡಿಲೇಟು: ಏಟಿನ ಬಲವು ಪ್ರತಿಸಲ ಸ್ವಲ್ಪ ಹೆಚ್ಚುಕಡಮೆಯಾಗುವುದರಿಂದ ಅದು 136ರಿಂದ 168ರವರೆಗೆ ಬೀಳಬಹುದು. ಗ್ಯಾರಡೋಸಿನ ಪ್ರಾಣಬಲವು 170. ಅದೃಷ್ಟವು ಎಷ್ಟು ಒಲಿದರೂ ಎರಡು ಸಾಲದು! ಹುಡುಗಿಯು ಹತ್ತು ಸಲ ಆಡಿದ್ದರೂ ಹತ್ತು ಸಲವೂ ಇದೇ ಆಗುತ್ತಿತ್ತು.

ಅದೇ ಪಿಕಾಚುವಿಗೆ 252ನ್ನು ವೇಗದಲ್ಲಿ, 252ನ್ನು ವಿಶೇಷಾಕ್ರಮಣದಲ್ಲಿ ಕೂಡಿಸಿದ್ದರೆ ಏನಾಗುತ್ತಿತ್ತು? ವೇಗವು 142, ಗ್ಯಾರಡೋಸಿನ 133ನ್ನು ಮೀರಿತು. ಸಿಡಿಲೇಟು 172ರಿಂದ 208ರವರೆಗೆ. ಅತಿ ಕಡಮೆಯದೂ 170ನ್ನು ಮೀರಿತು. ಮೊದಲನೆಯ ಏಟಿಗೇ ಗ್ಯಾರಡೋಸ್ ಬೀಳುತ್ತಿತ್ತು. ಪ್ರಾಣಿ ಅದೇ, ಮಟ್ಟ ಅದೇ, ಒಟ್ಟು ಅಂಕ 510 ಎಂಬುದೂ ಅದೇ; ಹಂಚಿಕೆ ಮಾತ್ರ ಬೇರೆ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎಂಬ ನಮ್ಮ ಗಾದೆಯನ್ನು ಈ ಲೆಕ್ಕದ ಪಕ್ಕದಲ್ಲಿ ಬರೆದುಕೊಳ್ಳಬಹುದು. ಆದುದರಿಂದ ಮೋಸದ ಆರೋಪವು ನಿಲ್ಲಲಿಲ್ಲ. ಹುಡುಗನನ್ನು ಕರೆದು ಅವನದು ನ್ಯಾಯದ ಗೆಲುವೆಂದು ಎಲ್ಲರೆದುರಿಗೆ ಹೇಳಿದೆವು. ಜೊತೆಯಲ್ಲಿಯೇ, ತನಗೆ ತಿಳಿದಿದ್ದುದನ್ನು ತಂಗಿಗೆ ಹೇಳಿಕೊಡದೆ ಗೆದ್ದು ಬೀಗಿದುದು ಅಣ್ಣನಿಗೆ ಭೂಷಣವಲ್ಲವೆಂದೂ ಹೇಳಿದೆವು. ಅವನು ತಲೆತಗ್ಗಿಸಿ ಒಪ್ಪಿದನು.

ಈಗ ಕಡಮೆ ಶ್ರಮದಿಂದ ಬೆಳೆಸುವ ಕ್ರಮವನ್ನು ತಿಳಿಸುತ್ತೇವೆ. ಮೊದಲು, ಈ ಪ್ರಾಣಿಯಿಂದ ಏನು ಕೆಲಸವಾಗಬೇಕೆಂಬುದನ್ನು ನಿಶ್ಚಯಿಸತಕ್ಕದ್ದು. ಮೊದಲು ಹೊಡೆದು ಬೀಳಿಸಬೇಕೆಂದರೆ ವೇಗ ಮತ್ತು ಒಂದು ಆಕ್ರಮಣ; ನಿಂತು ಏಟು ತಿನ್ನಬೇಕೆಂದರೆ ಪ್ರಾಣಬಲ ಮತ್ತು ಒಂದು ರಕ್ಷಣೆ. ಎರಡು ಶಕ್ತಿಗಳನ್ನು 252ರಂತೆ ತುಂಬಿದರೆ 504 ಆಯಿತು. ಮಿಕ್ಕ ಆರರಲ್ಲಿ ನಾಲ್ಕನ್ನು ಮೂರನೆಯ ಶಕ್ತಿಗೆ ಕೊಡಬಹುದು, ಕೊನೆಯ ಎರಡರಿಂದ ಪ್ರಯೋಜನವಿಲ್ಲ. ಮಿಂಚು ಬಿಡುವ ಪಿಕಾಚುವಿಗೆ ಮೈಯೇಟಿನ ಆಕ್ರಮಣವನ್ನು ಕೂಡಿಸುವುದು ಓಡುವ ಕುದುರೆಗೆ ನೊಗ ಹೂಡಿದಂತೆ ವ್ಯರ್ಥ.

ಎರಡನೆಯದಾಗಿ ಸಾಧನವನ್ನು ಆರಿಸಿಕೊಳ್ಳಬೇಕು. ಬರಿಗೈಯಲ್ಲಿ ಮ್ಯಾಜಿಕಾರ್ಪುಗಳನ್ನು ಸೋಲಿಸುತ್ತಾ ಹೋದರೆ ವೇಗದ 252ಕ್ಕೆ 252 ಕಾಳಗಗಳು ಬೇಕು. ಇದು ಯಾವ ಮಗುವಿಗೂ ಬೇಸರದ ಕೆಲಸ. ಆದರೆ ಆಟದ ಅಂಗಡಿಯಲ್ಲಿ ಪವರ್ ಆಂಕ್ಲೆಟ್ ಎಂಬ ಕಾಲ್ಕಡಗವು ದೊರೆಯುತ್ತದೆ. ಅದನ್ನು ತೊಡಿಸಿದರೆ ಪ್ರತಿ ಎದುರಾಳಿಗೂ ವೇಗದಲ್ಲಿ ಎಂಟು ಅಂಕಗಳು ಹೆಚ್ಚಾಗಿ ಬರುತ್ತವೆ. ಮ್ಯಾಜಿಕಾರ್ಪಿನ ಒಂದು, ಕಡಗದ ಎಂಟು, ಕೂಡಿ ಒಂಬತ್ತು. 252ನ್ನು ಒಂಬತ್ತರಿಂದ ಭಾಗಿಸಿದರೆ ಸರಿಯಾಗಿ 28. ಅಂದರೆ 252 ಕಾಳಗಗಳ ಕೆಲಸವು 28ರಲ್ಲಿ ಮುಗಿಯಿತು. ಪ್ರಾಣಬಲಕ್ಕೆ ಪವರ್ ವೇಟ್ ಎಂಬ ಭಾರ, ಆಕ್ರಮಣಕ್ಕೆ ಪವರ್ ಬ್ರೇಸರ್ ಎಂಬ ತೋಳುಕಟ್ಟು, ರಕ್ಷಣೆಗೆ ಪವರ್ ಬೆಲ್ಟ್ ಎಂಬ ನಡುಪಟ್ಟಿ, ವಿಶೇಷಾಕ್ರಮಣಕ್ಕೆ ಪವರ್ ಲೆನ್ಸ್ ಎಂಬ ಮಸೂರ, ವಿಶೇಷರಕ್ಷಣೆಗೆ ಪವರ್ ಬ್ಯಾಂಡ್ ಎಂಬ ಪಟ್ಟಿ, ಹೀಗೆ ಆರಕ್ಕೂ ಒಂದೊಂದುಂಟು. ಇವನ್ನು ತೊಟ್ಟಿರುವವರೆಗೆ ಪ್ರಾಣಿಯ ವೇಗವು ಅರ್ಧಕ್ಕಿಳಿಯುವುದರಿಂದ ಅಭ್ಯಾಸ ಮುಗಿದೊಡನೆ ಬಿಚ್ಚಿಡಲು ಮರೆಯತಕ್ಕದ್ದಲ್ಲ.

ಕಾಳಗವಿಲ್ಲದೆ ಔಷಧಿಯಿಂದಲೂ ಬೆಳೆಸಬಹುದು. ಪ್ರಾಣಬಲಕ್ಕೆ ಎಚ್‌ಪಿ ಅಪ್, ಆಕ್ರಮಣಕ್ಕೆ ಪ್ರೋಟೀನ್, ರಕ್ಷಣೆಗೆ ಐರನ್, ವಿಶೇಷಾಕ್ರಮಣಕ್ಕೆ ಕ್ಯಾಲ್ಸಿಯಂ, ವಿಶೇಷರಕ್ಷಣೆಗೆ ಜಿಂಕ್, ವೇಗಕ್ಕೆ ಕಾರ್ಬೋಸ್ ಎಂದು ಅವುಗಳ ಹೆಸರು. ಒಂದೊಂದು ಶೀಶೆಯಿಂದ ಹತ್ತು ಅಂಕ ಏರುತ್ತದೆ. ಇಪ್ಪತ್ತೈದು ಶೀಶೆಗೆ 250, ಇಪ್ಪತ್ತಾರನೆಯದಕ್ಕೆ 252. ಶೀಶೆಗೆ ಆಟದೊಳಗಿನ ಹಣ ಹತ್ತು ಸಾವಿರದಂತೆ ಒಂದು ಶಕ್ತಿಗೆ ಎರಡು ಲಕ್ಷ ಅರವತ್ತು ಸಾವಿರವಾಯಿತು. ಕಾಲ್ಕಡಗದ ಬೆಲೆಯೂ ಹತ್ತು ಸಾವಿರವೇ. ಆದರೆ ಅದು ಸವೆಯುವುದಿಲ್ಲ, ಒಂದು ಪ್ರಾಣಿಯಾದಮೇಲೆ ಇನ್ನೊಂದಕ್ಕೆ ತೊಡಿಸಬಹುದು. ಮನೆ ನಡೆಸುವವರಿಗೆ ಯಾವುದು ಲಾಭವೆಂಬುದನ್ನು ಬೇರೆ ಹೇಳಬೇಕಾದುದಿಲ್ಲ. ಹಣವು ಧಾರಾಳವಾಗಿದ್ದು ಹೊತ್ತಿಲ್ಲದವರಿಗೆ ಮಾತ್ರ ಶೀಶೆಯೇ ಸುಲಭ. ಒಂದೊಂದೇ ಅಂಕ ಏರಿಸುವ ಗರಿಗಳೂ ಉಂಟು. ಕೊನೆಯ ಸಣ್ಣ ಕೊರತೆಯನ್ನು ತುಂಬುವುದಕ್ಕೆ ಅವು ಬಹಳ ಒಳ್ಳೆಯವು.

ಮೂರನೆಯದಾಗಿ, ಜೊತೆಗಾರರ ವಿಷಯ. ಈ ಆಟದಲ್ಲಿ ಒಂದು ಪ್ರಾಣಿ ಕಾದಿದರೂ ಪಂಗಡದಲ್ಲಿರುವ ಉಳಿದ ಐದಕ್ಕೂ ಪ್ರಯತ್ನಾಂಕವು ಸಲ್ಲುತ್ತದೆ. ಆರೂ ವೇಗವನ್ನು ಬಯಸುವಂಥವಾಗಿದ್ದರೆ ಆರಕ್ಕೂ ಒಂದೊಂದು ಕಡಗ ತೊಡಿಸಿ ಅದೇ 28 ಕಾಳಗಗಳಲ್ಲಿ ಆರನ್ನೂ ಸಿದ್ಧಪಡಿಸಬಹುದು. ಆದರೆ ಬೇರೆ ಬೇರೆ ಗುರಿಯವನ್ನು ಒಟ್ಟಿಗೆ ಕೊಂಡೊಯ್ದರೆ ಒಂದರ ಲಾಭವು ಇನ್ನೊಂದರ ಕಲಬೆರಕೆಯಾಗುತ್ತದೆ. ಅಂಥವನ್ನು ಆಟದ ಪೆಟ್ಟಿಗೆಯಲ್ಲಿ ಬಿಟ್ಟು ಹೋಗತಕ್ಕದ್ದು. ದಾರಿಯಲ್ಲಿ ಅಡ್ಡಬಂದ ಬೇರೆ ಪ್ರಾಣಿಗಳೊಡನೆ ಕೈಮಾಡದಿರುವುದೂ ಇದೇ ಕಾರಣದಿಂದ.

ಹಾಗಾದರೆ ತುಂಬಿಹೋದ ಚೀಲದ ಗತಿಯೇನು? ನಮ್ಮ ಹುಡುಗಿಯ ಪ್ರಶ್ನೆಯು ನಿಜವಾಗಿ ಇದೇ. ಇದಕ್ಕೆ ಪರಿಹಾರವು 2004ರಲ್ಲಿ ಹೊರಟ ಎಮರಲ್ಡ್ ಎಂಬ ಆಟದಿಂದೀಚೆಗೆ ಉಂಟು. ಆರು ಬಗೆಯ ಹಣ್ಣುಗಳಿವೆ. ಒಂದೊಂದು ಹಣ್ಣು ತಿನ್ನಿಸಿದಾಗ ಅದಕ್ಕೆ ಗೊತ್ತಾದ ಶಕ್ತಿಯಲ್ಲಿ ಹತ್ತು ಪ್ರಯತ್ನಾಂಕ ಇಳಿಯುತ್ತದೆ. ಪಿಕಾಚುವಿಗೆ ಬೇಡವಾದವು ನಾಲ್ಕು: ಪ್ರಾಣಬಲಕ್ಕೆ ಪೊಮೆಗ್, ಆಕ್ರಮಣಕ್ಕೆ ಕೆಲ್ಪ್ಸಿ, ರಕ್ಷಣೆಗೆ ಕ್ವಾಲಟ್, ವಿಶೇಷರಕ್ಷಣೆಗೆ ಗ್ರೆಪಾ ಎಂಬ ಹಣ್ಣುಗಳು. 85ನ್ನು ಸೊನ್ನೆಗೆ ತರಲು ಒಂಬತ್ತು ಹಣ್ಣು; ನಾಲ್ಕು ಶಕ್ತಿಗೆ ಮೂವತ್ತಾರು. ವೇಗದಲ್ಲಿಯೂ ವಿಶೇಷಾಕ್ರಮಣದಲ್ಲಿಯೂ ಆಗಲೇ 85 ಇರುವುದರಿಂದ ಇನ್ನು ಬೇಕಾದುದು ತಲಾ 167 ಮಾತ್ರ. ಒಂಬತ್ತರಂತೆ ಹತ್ತೊಂಬತ್ತು ಕಾಳಗಗಳಲ್ಲಿ ಅದು ತುಂಬುತ್ತದೆ. ಎರಡಕ್ಕೂ ಕೂಡಿ ಮೂವತ್ತೆಂಟು. ಕಾಳಗಕ್ಕೊಂದು ನಿಮಿಷ ಹಿಡಿದರೂ ಗಂಟೆಯೊಳಗೆ ಮುಗಿಯತಕ್ಕ ಕೆಲಸ. ನಾಲ್ಕು ತಿಂಗಳ ಸಾಕಣೆಯಲ್ಲಿ ಮೂರರಲ್ಲೊಂದು ಭಾಗವು ಹಾಗೆಯೇ ಉಳಿದು ಉಪಯೋಗಕ್ಕೆ ಬಂದಿತೆಂದು ಹುಡುಗಿಗೆ ತೋರಿಸಿದೆವು. ಇನ್ನೊಂದು ಸಂಗತಿಯನ್ನು ಓದಿದಾಗ ನಮಗೇ ಸಂತೋಷವಾಯಿತು. ಈ ಹಣ್ಣುಗಳು ಅಂಕವನ್ನು ಇಳಿಸುವಾಗ ಪ್ರಾಣಿಗೆ ಒಡೆಯನ ಮೇಲಿರುವ ಸ್ನೇಹವನ್ನು ಏರಿಸುತ್ತವೆ.

ಈ ಲೆಕ್ಕವು ಮೊದಲಿನಿಂದಲೂ ಹೀಗೆಯೇ ಇರಲಿಲ್ಲ. 1996ರ ಆಟಗಳಲ್ಲಿ ಒಂದೊಂದು ಶಕ್ತಿಗೆ 65,535ರವರೆಗೆ ಅನುಭವವು ಕೂಡಬಹುದಾಗಿತ್ತು, ಒಟ್ಟಿನ ಮಿತಿಯಿರಲಿಲ್ಲ, ತಾಳ್ಮೆಯಿದ್ದವನು ಎಲ್ಲವನ್ನೂ ತುಂಬಬಹುದಾಗಿತ್ತು. 2002ರ ರೂಬಿ ಮತ್ತು ಸಫೈರ್ ಆಟಗಳಲ್ಲಿ 510ರ ಮಿತಿಯು ಬಂದಿತು. ಆಗಿನಿಂದಲೇ ‘ಯಾವುದನ್ನು ಬಿಡಲಿ’ ಎಂಬ ಪ್ರಶ್ನೆಯೂ ಬಂದಿತು. ಪವರ್ ಸಾಧನಗಳು ಬಂದುದು 2006ರ ಡೈಮಂಡ್ ಮತ್ತು ಪರ್ಲ್ ಆಟಗಳಲ್ಲಿ. ಆಗ ಅವು ನಾಲ್ಕನ್ನು ಮಾತ್ರ ಕೂಡಿಸುತ್ತಿದ್ದವು, 2016ರಿಂದ ಎಂಟು. ಶೀಶೆಗಳಿಂದ ಒಂದು ಶಕ್ತಿಯನ್ನು ನೂರರವರೆಗೆ ಮಾತ್ರ ಏರಿಸಬಹುದೆಂಬ ಕಟ್ಟು 2019ರ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಲ್ಲಿ ತೆಗೆಯಲ್ಪಟ್ಟಿತು. ಅಂಕಗಳನ್ನು ತೋರಿಸುವ ಚಿತ್ರವು 2013ರ ಎಕ್ಸ್ ಮತ್ತು ವೈ ಆಟಗಳಿಂದ ಕಾಣಬರುತ್ತದೆ. ಅದಕ್ಕೆ ಮೊದಲು ಆಟಗಾರರು ಪ್ರತಿಯೊಂದು ಕಾಳಗವನ್ನೂ ಪುಸ್ತಕದಲ್ಲಿ ಗೀಟು ಹಾಕಿ ಎಣಿಸಿಕೊಳ್ಳಬೇಕಾಗಿತ್ತು. ಹೀಗೆ ಮಿತಿಯು ಹಾಗೆಯೇ ನಿಂತು, ದಾರಿಯು ಮಾತ್ರ ವರ್ಷವರ್ಷಕ್ಕೆ ಹಗುರವಾಗುತ್ತ ಬಂದಿದೆ.

ಕುಲದಿಂದ ಬಲವಿಲ್ಲದ ಪ್ರಾಣಿಯನ್ನು ಎಷ್ಟು ಬೆಳೆಸಿದರೇನು ಎಂಬವರಿಗೆ 2014ರ ಒಂದು ನಿದರ್ಶನವನ್ನು ಹೇಳುತ್ತೇವೆ. ಆ ವರ್ಷ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ನಡೆದ ಜಗತ್ಪಂದ್ಯದಲ್ಲಿ ಕೊರಿಯ ದೇಶದ ಸೆಜುನ್ ಪಾರ್ಕ್ ಎಂಬ ಆಟಗಾರನು ಪಚಿರಿಸು ಎಂಬ ಅಳಿಲಿನಂಥ ಪ್ರಾಣಿಯನ್ನು ತನ್ನ ಪಂಗಡದಲ್ಲಿ ತಂದನು. ಅದರ ಕುಲದ ಅಂಕಗಳ ಮೊತ್ತವು 405. ಅಲ್ಲಿ ಎಲ್ಲರೂ ತರುವಂಥ ಗಾರ್ಚೊಂಪ್ ಮೊದಲಾದವುಗಳದು 600. ಪಾರ್ಕ್ ಆ ಅಳಿಲಿನಿಂದ ಹೊಡೆತವನ್ನು ಬಯಸಲಿಲ್ಲ. ಪ್ರಾಣಬಲವನ್ನೂ ರಕ್ಷಣೆಯನ್ನೂ ತುಂಬಿಸಿ, ಜೊತೆಗಾರನ ಮೇಲೆ ಬರುವ ಏಟುಗಳನ್ನು ತನ್ನ ಕಡೆಗೆ ಸೆಳೆದು ತಿನ್ನುವ ಕೆಲಸಕ್ಕೆ ಅದನ್ನು ಸಿದ್ಧಗೊಳಿಸಿದ್ದನು. ಅದು ನಿಂತಿತು, ಜೊತೆಗಾರನು ಹೊಡೆದನು, ಪಾರ್ಕ್ ಜಗಜ್ಜೇತನಾದನು. ಯಾವ ಕೆಲಸಕ್ಕೆ ಎಂಬುದು ಮೊದಲು ಗೊತ್ತಾಗಿದ್ದುದರಿಂದಲೇ 510 ಅಂಕಗಳು ಅಲ್ಲಿ ಸಾರ್ಥಕವಾದವು.

ಹೀಗೆ ಅಂಕಿ ಎಣಿಸಹೊರಟರೆ ಮಕ್ಕಳಿಗೆ ಪ್ರಾಣಿಯ ಮೇಲಿನ ಮಮತೆಯು ಹೋಗಿ ಬರಿಯ ಲೆಕ್ಕ ಉಳಿಯುವುದೆಂಬ ಆಕ್ಷೇಪವನ್ನು ನಮ್ಮ ಮನೆಯವರೇ ಎತ್ತಿದರು. ನಾವೂ ಯೋಚಿಸಿದೆವು. ಮಮತೆಯಿಲ್ಲದ ಲೆಕ್ಕವು ಒಣಗಿದುದೆಂಬುದು ನಿಜ. ಆದರೆ ಹುಡುಗಿಯು ಆ ರಾತ್ರಿ ಅತ್ತುದು ಲೆಕ್ಕವನ್ನು ಬಲ್ಲಳಾಗಿ ಅಲ್ಲ, ಅರಿಯದೆ. ಅಡಿಗೆ ಮಾಡುವ ತಾಯಿಯು ಉಪ್ಪನ್ನು ಅಳೆದು ಹಾಕುವುದರಿಂದ ಮಕ್ಕಳ ಮೇಲಿನ ಪ್ರೀತಿಯೇನೂ ಕಡಮೆಯಾಗುವುದಿಲ್ಲವಷ್ಟೆ. ಆದರೆ ಒಂದು ಎಚ್ಚರಿಕೆಯನ್ನು ಮಾತ್ರ ಹಿರಿಯರು ವಹಿಸಬೇಕು. ಕತೆಯನ್ನು ಆಡಿ ನಲಿಯುವುದಕ್ಕೆ ಈ ಲೆಕ್ಕವು ಬೇಕಾಗಿಯೇ ಇಲ್ಲ; ಹಂಚಿಹೋದ ಅಂಕಗಳಿಂದಲೂ ಆಟದ ಕತೆಯು ಸುಖವಾಗಿ ಮುಗಿಯುತ್ತದೆ. ಸಮನಾದ ಮಟ್ಟದ ಮನುಷ್ಯನೊಡನೆ ಪಂದ್ಯಕ್ಕೆ ನಿಲ್ಲುವವರಿಗೆ ಮಾತ್ರ ಇದು ಬೇಕು. ಕೇಳದ ಮಗುವಿಗೆ ಇದನ್ನು ಹೇರತಕ್ಕದ್ದಲ್ಲ. ಕೇಳಿದ ಮಗುವಿಗೆ ಮುಚ್ಚಿಡತಕ್ಕದ್ದೂ ಅಲ್ಲ. ಹೊತ್ತಿನ ಕಟ್ಟನ್ನು ಮೊದಲೇ ಗೊತ್ತುಮಾಡುವುದು ಒಳ್ಳೆಯದು: ಇಂದು ಹತ್ತೊಂಬತ್ತು ಕಾಳಗ, ನಾಳೆ ಹತ್ತೊಂಬತ್ತು, ಎಂದು ಎಣಿಕೆಯಿಂದ ಕಟ್ಟಿದರೆ, ‘ಇನ್ನು ಸ್ವಲ್ಪ ಹೊತ್ತು’ ಎಂಬ ಕೊನೆಯಿಲ್ಲದ ಬೇಡಿಕೆಗೆ ಎಡೆಯಿರುವುದಿಲ್ಲ. ನಮ್ಮ ಮನೆಯಲ್ಲಿ ಈ ಉಪಾಯವು ಗಡಿಯಾರಕ್ಕಿಂತ ಚೆನ್ನಾಗಿ ನಡೆಯಿತು.

ಮೂವತ್ತಾರು ಹಣ್ಣುಗಳಲ್ಲಿ ಹೆಚ್ಚಿನ ಪಾಲನ್ನು ಅಣ್ಣನೇ ತನ್ನ ಸಂಗ್ರಹದಿಂದ ತಂಗಿಗೆ ಕೊಟ್ಟನು. ಕಾಲ್ಕಡಗವನ್ನೂ ಮಸೂರವನ್ನೂ ಎರವಲು ಕೊಟ್ಟನು. ಎರಡು ಸಂಜೆ ಇಬ್ಬರೂ ಜಗಲಿಯಲ್ಲಿ ಕುಳಿತರು. ಅವಳು ಕಾದಿದಳು, ಅವನು ನಮ್ಮ ಹಳೆಯ ಲೆಕ್ಕದ ಪುಸ್ತಕದಲ್ಲಿ ಗೀಟೆಳೆದನು. ಮೂರನೆಯ ದಿನ ಪಂದ್ಯವು ನಡೆಯಿತು. ಪಿಕಾಚು ಮೊದಲು ಹೊಡೆಯಿತು, ಗ್ಯಾರಡೋಸ್ ಬಿದ್ದಿತು. ಹುಡುಗಿಯ ಕೂಗಿಗೆ ಅಡಿಗೆಮನೆಯಿಂದ ಎಲ್ಲರೂ ಹೊರಗೆ ಬಂದರು.

ಅಣ್ಣನು ಸುಮ್ಮನಿರಲಿಲ್ಲ. ಸ್ವಭಾವದ ಫಲವನ್ನು ಬದಲಿಸುವ ಪುದೀನದೆಲೆಯೊಂದು ಆಟದಲ್ಲಿ ಸಿಕ್ಕುತ್ತದಂತೆ. ಮರುದಿನವೇ ಅದನ್ನು ತಿನ್ನಿಸಿ ಗ್ಯಾರಡೋಸಿನ ವೇಗವನ್ನು 133ರಿಂದ 146ಕ್ಕೆ ಏರಿಸಿಕೊಂಡು ಬಂದನು. ಪಿಕಾಚುವಿನ 142 ಮತ್ತೆ ಹಿಂದೆ ಬಿದ್ದಿತು. ಹುಡುಗಿಯು ಈ ಸಲ ಅಳಲಿಲ್ಲ, ಮೋಸವೆಂದೂ ಅನ್ನಲಿಲ್ಲ. ಪುಸ್ತಕವನ್ನೂ ಸೀಸದಕಡ್ಡಿಯನ್ನೂ ತೆಗೆದುಕೊಂಡು ನಮ್ಮ ಪಕ್ಕದಲ್ಲಿ ಬಂದು ಕುಳಿತು, “ತಾತ, 142ಕ್ಕೆ ನೂರಕ್ಕೆ ಹತ್ತರಂತೆ ಕೂಡಿಸಿದರೆ ಎಷ್ಟಾಗುತ್ತೆ?” ಎಂದು ಕೇಳಿದಳು. ನೂರ ಐವತ್ತಾರು ಎಂದೆವು.